ತುಕ್ಕು ಹಿಡಿಸುವ ಕೈ

"ಇದನ್ನ... ಇದನ್ನ ಯಾರು ತಿಕ್ಕಿದ್ದು?!"

ಆ ಕೂಗಿಗೆ ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಪ್ರದೇಶದ ಆ ಕಾಂಪೌಂಡಿನಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು.

ಮಲ್ಲಿಕಾ ಮಾತ್ರ ಹೆಮ್ಮೆಯಿಂದ ನಿಂತಿದ್ದಳು. ಮೊಣಕೈವರೆಗೆ ಗುಲಾಬಿ ಬಣ್ಣದ ರಬ್ಬರ್ ಗ್ಲೌಸು. ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ನೆನೆಸಿದ ಹುಣಸೆಹಣ್ಣು. ಎದುರಿಗೆ ಮೇಜಿನ ಮೇಲೆ, ಹೊಸ ತಗಡಿನಂತೆ ಹೊಳೆಯುತ್ತಿದ್ದ ಒಂದು ಎಲೆಕ್ಟ್ರಿಕ್ ಗಿಟಾರ್.

"ನಾನ್ರಿ," ಎಂದಳು. "ಏನ್ ತುಕ್ಕು ಹಿಡಿದಿತ್ತಂತೀರಿ! ಮುಂಜಾನಿಂದ ತಿಕ್ಕಾಕ ಹತ್ತೀನಿ. ಈಗ ನೋಡ್ರಿ, ಕನ್ನಡಿ ಆಗ್ಯಾದ. ಮತ್ತ ತುಕ್ಕು ಹಿಡೀಬಾರದಂತ ಕೊಬ್ಬರಿ ಎಣ್ಣಿನೂ ಹಚ್ಚಾಕ ಸುರು ಮಾಡೀನಿ."

ಥ್ಯಾಂಕ್ಸ್ ಬರುತ್ತದೆಂದು ಅವಳು ಕಾದಳು.

ಬಾಗಿಲಲ್ಲಿದ್ದ ಯುವಕ ನಿಧಾನಕ್ಕೆ ನೆಲದ ಮೇಲೆ ಕುಳಿತುಬಿಟ್ಟ. ಕಣ್ಣಲ್ಲಿ ನೀರು!

ಅಯ್ಯೋ, ಇಷ್ಟು ಖುಷಿಯಾಯ್ತಾ ಇವ್ರಿಗೆ? ಎಂದುಕೊಂಡಳು ಪೆದ್ದಿ.

"ಅರೇ ಯಾರ್... ಆ ತುಕ್ಕು ನಾನೇ ಹಿಡಿಸಿದ್ದು!" ಎಂದ ಅವನು. "ಒಂದು ತಿಂಗಳು! ಪೂರಾ ಏಕ್ ಮಹೀನಾ!"

ಮಲ್ಲಿಕಾಳ ಕೈಯಿಂದ ಹುಣಸೆಹಣ್ಣು ಪಚಕ್ಕನೆ ಕೆಳಗೆ ಬಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯ ಜಾಗದಲ್ಲಿ ಹುಣಸೆಹಣ್ಣಿತ್ತು, ಅಷ್ಟೇ ವ್ಯತ್ಯಾಸ.

ಅವಳದ್ದೇನೂ ತಪ್ಪಿರಲಿಲ್ಲ ಬಿಡಿ. ಅವಳ ಅಪ್ಪ ಮಹಾದೇವಪ್ಪ ಕಲಬುರಗಿ ಕಡೆಯಿಂದ ಮೂಟೆ ಹೊರಲು ಬಂದು, ಬೆನ್ನು ಸೋತ ಮೇಲೆ ಈ ಕಾಂಪೌಂಡಿನ ವಾಚ್‌ಮನ್ ಆದವನು. ಖಂಡೇನವಮಿ ಹತ್ತಿರ ಬಂದಿತ್ತು. ಆಯುಧಪೂಜೆಗೆ ಮುಂಚೆ ಯಂತ್ರ, ಸುತ್ತಿಗೆ, ಗಾಡಿ ಎಲ್ಲ ಫಳಫಳ ಅನ್ನಬೇಕು, ತುಕ್ಕು ಹಿಡಿದದ್ದಕ್ಕೆ ಪೂಜೆ ಮಾಡಿದರೆ ವರ್ಷವಿಡೀ ಕೆಲಸ ತುಕ್ಕು ಹಿಡಿಯುತ್ತದೆ ಎನ್ನುವುದು ಅವರ ಮನೆಯ ನಂಬಿಕೆ. ಇಲ್ಲಿನ ಶೆಡ್ಡಿನಲ್ಲಿ ಗಿಟಾರ್ ಮಾಡುವ ಇದೇ ಯುವಕ, ಜಯೇಶ್, ಬೀಗದ ಕೈ ಕೊಡುವಾಗ "ಕಾಕಾ, ಒಳಗಿದ್ದದ್ದೆಲ್ಲ ಸಾಫ್ ಮಾಡಿಸಿ" ಎಂದಿದ್ದ. ಅಪ್ಪನಿಗೆ ಬಗ್ಗಲಾಗದೆ ರಜೆಯಲ್ಲಿದ್ದ ಮಗಳನ್ನು ಕಳಿಸಿದ್ದ.

ಮೇಲಾಗಿ ಮಲ್ಲಿಕಾಳ ಕೆಲಸವೇ ತುಕ್ಕಿನೊಂದಿಗೆ ವೈರ. ಪಕ್ಕದ ಗಲ್ಲಿಯ ಕಾರ್ಖಾನೆಯಲ್ಲಿ ಸ್ವಿಚ್‌ಬೋರ್ಡಿನ ಕಬ್ಬಿಣದ ಡಬ್ಬಿಗಳನ್ನು ಪರೀಕ್ಷಿಸುವವಳು ಅವಳು. ತುಕ್ಕಿನ ಚುಕ್ಕಿ ಕಂಡರೆ ಕೆಂಪು ಸ್ಟಿಕ್ಕರ್ ಅಂಟಿಸಿ ಆಚೆಗಿಡುವುದು!

"ಯಾವ ಹುಚ್ಚ ತುಕ್ಕು ಹಿಡಿದ ಗಿಟಾರ್ ತಗೋತಾನ್ರಿ?" ಎಂದು ಕೇಳಿಯೇಬಿಟ್ಟಳು.

"ಹುಚ್ಚ ಅಲ್ಲ, ಹುಚ್ಚಿ. ಅಶ್ಮಿತಾ ಅಂತ, ನೆರೂಳಿನವಳು. ವಾಶಿಯ ಸಮುದ್ರ ಖಾಡಿಯಲ್ಲಿ ಬಿದ್ದಿರುವ ಹಳೇ ದೋಣಿಯ ಲಂಗರಿನ ಹಾಗೆ ಕಾಣಬೇಕು ಅಂದಿದ್ದಾಳೆ. ಮರ ಕೆತ್ತಿದೆ, ಕಬ್ಬಿಣದ ಪುಡಿಯ ಪೇಂಟ್ ಬಳಿದೆ, ವಿನೆಗರ್, ಉಪ್ಪುನೀರು ಹೊಡೆದು ಹೊಡೆದು ತುಕ್ಕು ತರಿಸಿದೆ. ಮೇಲೆ ಲ್ಯಾಕರ್ ಹೊಡೆದು ಆ ತುಕ್ಕನ್ನ ಹಾಗೇ ನಿಲ್ಲಿಸೋದೊಂದೇ ಬಾಕಿ ಇತ್ತು. ದಸರಾಕ್ಕೆ ಅವಳ ಶೋ. ಪೂಜೆ ದಿನ ಬಂದು ಒಯ್ಯುತ್ತಾಳೆ."

ಅವನ ದನಿ ಸಣ್ಣಗಾಯಿತು.

"ಇದು ಸ್ಟೇಜ್ ಹತ್ತಿದ್ರೆ ನನ್ನ ಶೆಡ್ ಉಳೀತದೆ. ಇಲ್ಲಾಂದ್ರೆ ಬೀಗ ಹಾಕಿ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತ್ಕೋ ಅಂದಿದ್ದಾರೆ ಅಪ್ಪ."

ಅವನ ಅಪ್ಪ ಚೆನ್ನಯ ಪೂಜಾರಿ, ಕೋಪರಿಯ ಒಂದು ಸಣ್ಣ ಹೋಟೆಲಿನ ಮಾಲೀಕರು. ಅವರು ಅಂದದ್ದನ್ನು ಮಾಡಿಯೇ ತೀರುವವರು.

ಮಲ್ಲಿಕಾ ಕೆಳಗೆ ಬಿದ್ದ ಹುಣಸೆಹಣ್ಣನ್ನು ಎತ್ತಿ ಆಚೆ ಎಸೆದಳು.

"ತುಕ್ಕು ತಾನೇ?" ಎಂದಳು ಗಟ್ಟಿ ದನಿಯಲ್ಲಿ. "ತೆಗೆದಾಕಿ ನಾನು. ಮತ್ತ ನಾನೇ ಹಿಡಿಸಿ ಕೊಡ್ತೀನಿ. ನಾಳಿಂದ ಡ್ಯೂಟಿ ಮುಗಿಸಿ ಬರ್ತೀನಿ."

* * *

ಬಂದಳು. ದಿನಾ ಬಂದಳು. ಮನೆಯಿರುವ ಶಹಾಡಿಗೆ ಹೋಗುವ ಲೋಕಲ್ ರೈಲುಗಳನ್ನು ಒಂದೊಂದಾಗಿ ಬಿಟ್ಟಳು.

ಇಬ್ಬರೂ ಎಣ್ಣೆ ತೊಳೆದರು, ಒರೆಸಿದರು, ಮತ್ತೆ ವಿನೆಗರ್ ಹೊಡೆದರು. ತುಕ್ಕು ಹುಟ್ಟುತ್ತದೋ ಎಂದು ಹೆರಿಗೆ ವಾರ್ಡಿನ ಹೊರಗೆ ಕಾಯುವವರಂತೆ ಕಾದರು.

"ಬಂತು! ಬಂತ್ರಿ! ಇಲ್ಲಿ ಕೆಂಪಗಾತು!" ಎಂದು ಒಂದು ಸಂಜೆ ಮಲ್ಲಿಕಾ ಕುಣಿದಳು. ಕುಣಿದ ಮೇಲೆ ನಾಚಿದಳು. ತುಕ್ಕು ಕಂಡು ಸಂತೋಷ ಪಟ್ಟದ್ದು ಕಾರ್ಖಾನೆಯಲ್ಲಿ ಗೊತ್ತಾದರೆ ಏನು ಗತಿ!

ವಿನೆಗರ್ ಎಲ್ಲಿಂದ ಬರುತ್ತಿತ್ತು ಅಂತೀರಾ? ಚೆನ್ನಯಣ್ಣನ ಹೋಟೆಲಿನ ಚೈನೀಸ್ ಕೌಂಟರಿನಿಂದ. ಅತ್ತ ಹೋಟೆಲಿನಲ್ಲಿ ವಿನೆಗರಿನಲ್ಲಿ ನೆನೆಯಬೇಕಾದ ಟೇಬಲ್ ಮೇಲಿನ ಹಸಿಮೆಣಸು ಒಣ ಬಾಟಲಿಯಲ್ಲಿ ಕೂತಿತ್ತು. ಗಿರಾಕಿಗಳು ಗಲಾಟೆ ಮಾಡುತ್ತಿದ್ದರು. ಚೆನ್ನಯಣ್ಣ ಅಡುಗೆಯವನನ್ನು ಅನುಮಾನದಿಂದ ನೋಡುತ್ತಿದ್ದರು.

ಇತ್ತ ಮಹಾದೇವಪ್ಪ ಮಗಳ ದುಪಟ್ಟಾ ಮೂಸಿ ಹೌಹಾರಿದ.

"ಏನಿದು ಹುಳಿ ವಾಸನಿ? ಖರೇ ಹೇಳು ಮಲ್ಲಿ, ಕುಡ್ಯಾಕ ಹತ್ತೀಯೇನು?"

"ಅಪ್ಪಾ! ಗಿಟಾರಿಗಿ ಹೊಡಿಯೋ ವಿನೆಗರ್ ಅದು!"

"ಗಿಟಾರು ಕುಡಿತದ?"

ಏನು ಹೇಳಿದರೂ ಅವನ ತಲೆಗೆ ಇಳಿಯಲಿಲ್ಲ.

ಎಲ್ಲ ಸರಿಯಿತ್ತು. ಒಂದು ವಿಷಯ ಮಾತ್ರ ಜಯೇಶನ ಮನಸ್ಸಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅವಳ ಗ್ಲೌಸು!

ಚಹಾ ಕುಡಿಯುವಾಗಲೂ ಗ್ಲೌಸು, ವಡಾಪಾವ್ ತಿನ್ನುವಾಗಲೂ ಗ್ಲೌಸು. ಒಮ್ಮೆ ಅವನೇ ನಗುತ್ತಾ ಕೈ ಚಾಚಿದ. "ಮೊದಲ ದಿನ ಕೂಗಾಡಿದ್ದಕ್ಕೆ ಸಾರಿ. ಫ್ರೆಂಡ್ಸ್?"

ಮಲ್ಲಿಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ಸೇರಿಸಿದಳು. "ಅಲರ್ಜಿ ಅದ್ರಿ ನಂಗ..."

"ಓಹ್." ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲೆಲ್ಲ ಕೆಂಪು ತುಕ್ಕು. ಮೆಲ್ಲಗೆ ಜೀನ್ಸಿಗೆ ಒರೆಸಿಕೊಂಡ. ನನ್ನ ಕೈ ಹೇಸಿಗೆ ಅನಿಸ್ತದೆ ಇವಳಿಗೆ... ಅಲ್ಲಿಂದ ಮುಂದೆ ಅವನ ಮಾತು ಕಡಿಮೆಯಾಯಿತು.

ಅದು ಮಲ್ಲಿಕಾಳಿಗೂ ಗೊತ್ತಾಯಿತು. ಹೇಳಿಬಿಡಲೇ? ಹೇಗೆ ಹೇಳಲಿ?

ಅವಳ ಅಂಗೈ ಬೆವರುತ್ತಿತ್ತು. ಯಾವಾಗಲೂ. ಬರೀ ಬೆವರಲ್ಲ, ಉಪ್ಪುಪ್ಪು ಬೆವರು. ಅವಳು ಮುಟ್ಟಿದ ಕಬ್ಬಿಣಕ್ಕೆ ಮರುದಿನವೇ ತುಕ್ಕು! ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಡಬ್ಬಿಯ ಮುಚ್ಚಳದ ಮೇಲೆ ಐದು ಬೆರಳು ಕಂದು ಬಣ್ಣದಲ್ಲಿ ಎದ್ದಿದ್ದವು. ಸೂಪರ್‌ವೈಸರ್ ಎಲ್ಲರ ಕೈಯನ್ನೂ ಅದರ ಮೇಲೆ ಇಡಿಸಿ ನೋಡಿದ್ದ, ಸರಿಯಾಗಿ ಕೂತದ್ದು ಅವಳದ್ದೇ. ಡಿಪಾರ್ಟ್‌ಮೆಂಟ್ ಪೂರ್ತಿ ನಕ್ಕಿತ್ತು. ಆಮೇಲೆ ಊರಿನಿಂದ ಬಂದ ವರನ ಸೋದರತ್ತೆ ಬಳೆ ತೊಡಿಸಲು ಕೈ ಹಿಡಿದು, "ಹುಡುಗಿ ಕೈ ಯಾಕ ಹಿಂಗ ಹಸಿ?" ಎಂದು ಎಲ್ಲರ ಮುಂದೆ ಸೆರಗಿಗೆ ಕೈ ಒರೆಸಿಕೊಂಡಿದ್ದಳು. ಆ ಸಂಬಂಧ ಮತ್ತೆ ಬರಲಿಲ್ಲ.

ಅಂದಿನಿಂದ ಮಲ್ಲಿಕಾ ಯಾರ ಕೈಯನ್ನೂ ಹಿಡಿದಿರಲಿಲ್ಲ.

* * *

ಪೂಜೆಯ ಹಿಂದಿನ ಸಂಜೆ. ಗಿಟಾರಿಗೆ ಚೆನ್ನಾಗಿ ತುಕ್ಕು ಬಂದಿತ್ತು, ಒಂದು ಜಾಗ ಬಿಟ್ಟು. ಮೊದಲ ದಿನ ಕೊಬ್ಬರಿ ಎಣ್ಣೆ ಹಚ್ಚಿದ್ದ ಜಾಗ! ಅಲ್ಲಿ ಬೋಳುಮಂಡೆಯಂತೆ ಬೂದು ಬಣ್ಣ ನಗುತ್ತಿತ್ತು.

"ಇನ್ನೊಂದು ಬಾಟಲಿ ತರ್ತೇನೆ," ಎಂದು ಜಯೇಶ್ ಸಪ್ಪೆ ಮುಖದಲ್ಲಿ ಹೋಟೆಲಿಗೆ ಹೊರಟ.

ಮಲ್ಲಿಕಾ ಒಬ್ಬಳೇ ಉಳಿದಳು. ಗ್ಲೌಸು ಹೆಬ್ಬೆರಳಿನ ಹತ್ತಿರ ಹರಿದಿತ್ತು, ತೆಗೆದಿಟ್ಟಳು. ಗಿಟಾರನ್ನೇ ನೋಡಿದಳು. ಎಷ್ಟು ಪ್ರೀತಿಯಿಂದ ಕೆತ್ತಿದ್ದಾನೆ! ನನ್ನಿಂದಾಗಿ ಇವನು ಗಲ್ಲಾದ ಹಿಂದೆ ಕೂತು ಬಿಲ್ಲು ಹರಿಯಬೇಕಾ? ಕಣ್ಣು ತುಂಬಿತು. ತನಗೇ ಗೊತ್ತಾಗದಂತೆ ಬರಿಗೈಯನ್ನು ಆ ಬೋಳು ಜಾಗದ ಮೇಲಿಟ್ಟು, ಅವನದೇ ಬೆನ್ನು ಸವರುವಂತೆ ಒತ್ತಿ ಹಿಡಿದಳು.

"ಹೋಗಬ್ಯಾಡ್ರಿ ಇಲ್ಲಿಂದ," ಎಂದು ಪಿಸುಗುಟ್ಟಿದಳು.

ಮರುಕ್ಷಣ ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ಅಯ್ಯಯ್ಯೋ! ಏನ್ ಮಾಡ್ದೆ ನಾನು! ದುಪಟ್ಟಾದಿಂದ ಒರೆಸಿದಳು. ನಂತರ ಜಯೇಶ್ ಬರುವ ಮೊದಲೇ ಅಲ್ಲಿಂದ ಓಡಿದಳು. ಅವನ ಫೋನು ಬಂದರೂ ಎತ್ತಲಿಲ್ಲ.

ಬೆಳಿಗ್ಗೆ ತಲೆನೋವು ಎಂದಳು. ಹೊಟ್ಟೆನೋವು ಎಂದಳು.

"ಖಂಡೇಪೂಜಿ ದಿನ ನಾಟಕ ಮಾಡಬ್ಯಾಡ. ಹಣ್ಣು ಕಾಯಿ ಹಿಡಕೊಳ್ಳಾಕ ಯಾರ್ ಬರ್ತಾರ?" ಎಂದು ಮಹಾದೇವಪ್ಪ ಎಳೆದುಕೊಂಡೇ ಬಂದ.

ಕಾಂಪೌಂಡಿನ ತುಂಬ ಚೆಂಡುಹೂವು. ಡ್ರಿಲ್ಲಿಗೂ ಕುಂಕುಮ, ಟೆಂಪೋಗೂ ಮಾಲೆ. ಮಧ್ಯದ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಗಿಟಾರ್. ಆ ಕಡೆ ಅಶ್ಮಿತಾ, ಈ ಕಡೆ ಬಿಳಿ ಲುಂಗಿಯ ಚೆನ್ನಯಣ್ಣ. ಜಯೇಶನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಅವನು ಮಲ್ಲಿಕಾಳನ್ನೇ ನೋಡುತ್ತಾ ಬಟ್ಟೆ ಎಳೆದ.

ತುಕ್ಕು. ಕೆಂಪು, ಕಂದು, ಅಲ್ಲಲ್ಲಿ ಅರಿಸಿನದಂತೆ ಹಳದಿ. ಆ ತುಕ್ಕಿನ ನಟ್ಟನಡುವೆ...

ಒಂದು ಹಸ್ತ. ಐದೂ ಬೆರಳು. ಅಚ್ಚೊತ್ತಿದಂತೆ!



"ಎಂತ ಮಾರಾಯ ಇದು?" ಚೆನ್ನಯಣ್ಣ ಸಿಡಿದರು. "ಹೊಸ ಸಾಮಾನಿಗೆ ತುಕ್ಕು, ಅದರ ಮೇಲೆ ಯಾರದ್ದೋ ಕೊಳಕು ಕೈ! ಪೂಜೆಗೆ ಇಡುವ ವಸ್ತುವಾ ಇದು? ಕೊಡಿ ಆ ಲಿಂಬೆಹುಳಿ!"

ಟೆಂಪೋ ಚಕ್ರದಡಿ ಇಡಲು ತಂದಿದ್ದ ಲಿಂಬೆಯನ್ನು ಕಚಕ್ ಎಂದು ಕತ್ತರಿಸಿ, ತೋಳು ಮಡಚಿ, ಗಿಟಾರಿನ ಕಡೆ ನಡೆದೇಬಿಟ್ಟರು!

"ಮುಟ್ಟಬ್ಯಾಡ್ರೀ!"

ಮಲ್ಲಿಕಾ ಹೂವಿನ ತಟ್ಟೆ ಬಿಸಾಕಿ ಹಾರಿ ಬಂದಳು. ಎರಡೂ ಕೈಗಳಿಂದ ಅವರ ಕೈ ಗಟ್ಟಿಯಾಗಿ ಹಿಡಿದಳು. ಬರಿಗೈ!

"ತಿಕ್ಕಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ. ಆ ತುಕ್ಕು ನಿಮ್ಮ ಮಗ ಕಷ್ಟಪಟ್ಟು ತರ್ಸ್ಯಾರ. ಆ ಹೊಲಸು ಕೈ ಅವ್ರದಲ್ಲ... ನಂದು!"

 ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನನ್ನ ಕೈ ಹಂಗೇ ಅದರಿ. ಬೆವರ್ತದ. ಮುಟ್ಟಿದ್ದಕ್ಕೆಲ್ಲ ತುಕ್ಕು ಹಿಡೀತದ. ಅಲರ್ಜಿ ಅಂತ ಸುಳ್ಳು ಹೇಳ್ದೆ. ಶೆಡ್ ಮುಚ್ಚಿಸಬ್ಯಾಡ್ರಿ, ಬೈಯೂದಿದ್ರ ನನ್ನ ಬೈರಿ!"

ಇಷ್ಟು ಜನರ ಮುಂದೆ, ಇಷ್ಟು ದಿನ ಬಚ್ಚಿಟ್ಟದ್ದನ್ನು, ಅವಳೇ ಬಾಯಿಬಿಟ್ಟು ಹೇಳಿದ್ದಳು.

"ಅಪ್ಪ," ಜಯೇಶ್ ಮೆಲ್ಲಗೆ ಅಂದ. "ಬೇಕಾದ್ರೆ ತಿಕ್ಕಿ ನೋಡಿ. ಒಂದು ಗೋಣಿ ಲಿಂಬೆ ತಿಕ್ಕಿದ್ರೂ ಹೋಗೋದಿಲ್ಲ."

"ಯಾಕೆ?"

"ನಸುಕಿನಲ್ಲಿ ಬಂದು ನೋಡ್ದೆ. ಆ ಬೋಳು ಜಾಗದಲ್ಲಿ ಕೈ ಎದ್ದಿತ್ತು. ಯಾರದ್ದು ಅಂತ ಗೊತ್ತಾಯ್ತು. ತಕ್ಷಣ ಲ್ಯಾಕರ್ ಹೊಡೆದೆ. ಇನ್ನು ಆ ಕೈಯನ್ನ ಯಾರೂ ಅಳಿಸೋಕಾಗಲ್ಲ."

ಮಲ್ಲಿಕಾ ತಲೆಯೆತ್ತಿದಳು.

ಅಶ್ಮಿತಾ ಆಗಲೇ ಗಿಟಾರ್ ಹೆಗಲಿಗೇರಿಸಿ, ತನ್ನ ಕೈಯನ್ನು ಆ ಹಸ್ತದ ಮೇಲಿಟ್ಟು ನೋಡುತ್ತಿದ್ದಳು. "ಯೇ ತೋ ಕಮಾಲ್ ಹೈ! ಲಂಗರ್ ಕೇಳಿದ್ದೆ, ಅದನ್ನ ಹಿಡಿದವರ ಕೈಯನ್ನೂ ಕೊಟ್ಟಿದ್ದೀಯ. ನಾಳೆ ಇದೇ ಬಾರಿಸ್ತೀನಿ!"

ಚೆನ್ನಯಣ್ಣ ಅರ್ಧ ಲಿಂಬೆ ಹಿಡಿದು ನಿಂತೇ ಇದ್ದರು. ಮಗನನ್ನು ನೋಡಿದರು, ಆ ಹುಡುಗಿಯನ್ನು ನೋಡಿದರು. ಕೊನೆಗೆ ಏನೋ ಹೊಳೆಯಿತು.

"ಹಾಗಾದ್ರೆ ನನ್ನ ವಿನೆಗರ್ ಕದ್ದದ್ದು ನೀನಾ?"

"ಹೌದು ಅಪ್ಪ."

"ನಾನು ಆ ಪಾಪದ ಅಡುಗೆಯವನಿಗೆ ಬೈದೆನಲ್ಲ ಮಾರಾಯ!" ಎಂದು ತಲೆ ಚಚ್ಚಿಕೊಂಡರು. ಆಮೇಲೆ ಮಹಾದೇವಪ್ಪನ ಕಡೆ ತಿರುಗಿ, ಗಂಭೀರವಾಗಿ, "ನೋಡಿ, ಶೆಡ್ ಇರಲಿ. ಆದ್ರೆ ಒಂದು ಮಾತು. ನಿಮ್ಮ ಹುಡುಗಿ ನಮ್ಮ ಮನೆಗೆ ಬಂದ ಮೇಲೆ ನನ್ನ ದೋಸೆ ಕಾವಲಿ ಮಾತ್ರ ಮುಟ್ಟಬಾರದು, ಆಯ್ತಾ?"

ಮಹಾದೇವಪ್ಪ ಬಾಯಿ ತೆರೆದು ನಿಂತ. "ಅಂದ್ರ... ಮಲ್ಲಿ ಕುಡ್ಯಾಕ ಹತ್ತಿಲ್ಲ?"

ಕಾಂಪೌಂಡಿಗೆ ಕಾಂಪೌಂಡೇ ನಕ್ಕಿತು. ಈ ಸಲದ ನಗು ಅವಳಿಗೆ ನೋಯಲಿಲ್ಲ.

* * *

ಪೂಜೆ ಮುಗಿದು ಜನ ಪ್ರಸಾದಕ್ಕೆ ಮುತ್ತಿದಾಗ ಇಬ್ಬರೇ ಶೆಡ್ಡಿನ ಬಾಗಿಲಲ್ಲಿ ಉಳಿದರು.

"ನನ್ನ ಕೈ ಕಂಡ್ರೆ ನಿಮಗೆ ಹೇಸಿಗೆ ಅಂದ್ಕೊಂಡಿದ್ದೆ," ಎಂದ ಜಯೇಶ್.

"ನನ್ನ ಕೈ ಹಿಡಿದ್ರ ನೀವು ಒರೆಸಿಕೊಳ್ತೀರಿ ಅಂದ್ಕೊಂಡಿದ್ದೆ," ಎಂದಳು ಮಲ್ಲಿಕಾ.

ಅವನು ಮತ್ತೆ ಕೈ ಚಾಚಿದ. ಅದೇ ತುಕ್ಕಿನ ಉಗುರುಗಳು.

ಅವಳ ಅಂಗೈ ಎಂದಿಗಿಂತ ಜೋರಾಗಿ ಬೆವರುತ್ತಿತ್ತು. ಹಾಗೆಯೇ ಇಟ್ಟಳು. ಅವನು ಬೆರಳಿಗೆ ಬೆರಳು ಸೇರಿಸಿ ಮುಚ್ಚಿದ. ಒರೆಸಿಕೊಳ್ಳಲಿಲ್ಲ, ಬಿಡಲೂ ಇಲ್ಲ.

"ನಂಗ ನಿಮ್ಮ ಮ್ಯಾಲೆ ಭಾಳ ಪ್ರೀತಿ ಅದರಿ," ಎಂದಳು ಮಲ್ಲಿಕಾ, ನೆಲ ನೋಡುತ್ತಾ.

"ನಂಗೂ. ಹುಣಸೆಹಣ್ಣಿನ ದಿನದಿಂದ."

"ಸುಳ್ಳು! ಅವತ್ತು ನೀವು ಅಳಾಕ ಹತ್ತಿದ್ರಿ!"

"ಹಾಂ, ಅದು ಬೇರೆ," ಎಂದು ನಕ್ಕ.

ಅವಳೂ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹಿಂಗ ಎಷ್ಟೊತ್ತು ಹಿಡಕೊಂಡಿರ್ತೀರಿ?"

"ತುಕ್ಕು ಹಿಡಿಯೋವರೆಗೆ," ಎಂದ ಅವನು.