ಮಾರ್ಚ್ ಒಂದರ ಹಿಂದಿನ ಹಾಳೆ

ಹಾಳೆ ಇರಲಿಲ್ಲ.

ಗುಮಾಸ್ತರು ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು, ತಾವು ಅದನ್ನು ಮುಟ್ಟಿಯೇ ಇಲ್ಲ ಎನ್ನುವ ಹಾಗೆ. ಹಳದಿಗಟ್ಟಿದ ಎರಡು ಹಾಳೆಗಳ ನಡುವೆ, ಹೊಲಿಗೆಯ ಪಕ್ಕದಲ್ಲಿ, ಬೆರಳಗಲದ ಅಂಚು ಮಾತ್ರ ಉಳಿದಿತ್ತು. ಬ್ಲೇಡಿನಲ್ಲಿ ಕತ್ತರಿಸಿದ್ದರು. ನೇರವಾಗಿ, ಅವಸರವಿಲ್ಲದೆ.

ಯಾವಾಗ ನೋಡಿದಿರಿ ಎಂದು ಕ್ಯಾಲೆಂಡರ್ ಮೇಡಂ ಕೇಳಿದರು. ಗುರುವಾರ ಅಂಚೆಯಲ್ಲಿ ಬಂದಾಗ ಹಾಳೆ ಎಣಿಸಿ ರಿಜಿಸ್ಟರಿನಲ್ಲಿ ಬರೆದಿದ್ದೆ, ತೊಂಬತ್ತಾರು ಇದ್ದವು, ಈಗ ತೊಂಬತ್ತೈದು ಎಂದರು ಗುಮಾಸ್ತರು. ಓದಿದ್ದಿರಾ? ಓದಿರಲಿಲ್ಲ. ಎಣಿಸುವುದಷ್ಟೇ ಅವರ ಕೆಲಸ.

"ನಾಳೆ ಹನ್ನೊಂದಕ್ಕೆ ವಿಚಾರಣೆ," ಎಂದರು ಗುಮಾಸ್ತರು. "ನನ್ನ ಕಥೆ ಮುಗೀತು ಮೇಡಂ."

"ನಿಮ್ಮದಲ್ಲ. ಕೂತ್ಕೊಳ್ಳಿ."

ನಮ್ಮದು ಆಸ್ಪತ್ರೆಯ ಸಿಬ್ಬಂದಿ ವಿಭಾಗ. ಮೂರು ಮೇಜು, ಒಂದು ಫ್ಯಾನು, ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು. ಮೇಡಂ ಮೇಲ್ವಿಚಾರಕಿ, ನಾನು ಟೈಪಿಸ್ಟ್. ಯಾವ ವರ್ಷದ ಯಾವ ತಾರೀಕು ಹೇಳಿದರೂ ಅದು ಯಾವ ವಾರ ಎಂದು ಮೇಡಂ ತಲೆ ಎತ್ತದೆಯೇ ಹೇಳುತ್ತಾರೆ, ಅದಕ್ಕೇ ಕ್ಯಾಲೆಂಡರ್ ಎಂಬ ಹೆಸರು. ಮೊದಮೊದಲು ಜನ ತಮಾಷೆಗೆ ಕೇಳಲು ಬರುತ್ತಿದ್ದರು. ಈಗ ಕೇಳುವವರೂ ದಣಿದಿದ್ದಾರೆ, ಹೇಳುವವರೂ.

ಹೋದ ಹಾಳೆ ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್‌ಗೆ ಸೇರಿದ್ದು. ಮೂವತ್ತೆಂಟು ವರ್ಷ ಊರಿನ ಮಕ್ಕಳೆಲ್ಲ ಹುಟ್ಟಿದ ಗಳಿಗೆಯನ್ನು ಬರೆದಿಟ್ಟ ಹೆಂಗಸು. ಅವರು ಹುಟ್ಟಿದ್ದು ಮಾತ್ರ ಯಾರೂ ಸರಿಯಾಗಿ ಬರೆದಿಟ್ಟಿರಲಿಲ್ಲ. ಸೇವಾ ಪುಸ್ತಕದಲ್ಲಿ ಅರವತ್ತೆರಡನೇ ಇಸವಿ ಜೂನ್ ಒಂದು ಎಂದಿತ್ತು. ನಮ್ಮ ಆಸ್ಪತ್ರೆಯಲ್ಲಿ ಒಂಬತ್ತು ಜನ ಜೂನ್ ಒಂದರಂದು ಹುಟ್ಟಿದವರಿದ್ದಾರೆ. ಆ ಕಾಲದಲ್ಲಿ ಮಗುವನ್ನು ಶಾಲೆಗೆ ಕರೆತಂದವರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ, ಮೇಷ್ಟ್ರಿಗೆ ಪುರುಸೊತ್ತು ಇರುತ್ತಿರಲಿಲ್ಲ, ಶಾಲೆ ತೆರೆದ ದಿನವೇ ಹುಟ್ಟಿದ ದಿನವಾಗುತ್ತಿತ್ತು. ನನ್ನದೂ ಜೂನ್ ಒಂದೇ. ನಿಜವಾಗಿ ಯಾವತ್ತು ಎಂದು ಅಮ್ಮನನ್ನು ಕೇಳಿದರೆ, ಅವತ್ತು ಒಗೆದ ಬಟ್ಟೆ ಸಂಜೆಯಾದರೂ ಒಣಗಲಿಲ್ಲ ಎಂಬುದಷ್ಟೇ ಅವಳ ನೆನಪು.

ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಹಾಗಾಗಿ ಮೇ ಮೂವತ್ತೊಂದಕ್ಕೆ ದೊಡ್ಡ ಸಿಸ್ಟರ್‌ಗೆ ಅರವತ್ತು ತುಂಬಿ ಕೆಲಸ ಮುಗಿಯುತ್ತಿತ್ತು. ಇನ್ನು ಎಂಟೇ ದಿನ. ಆದರೆ ಮೂರು ತಿಂಗಳ ಹಿಂದೆ ಅವರ ಮಗ ಅರ್ಜಿ ತಂದುಕೊಟ್ಟಿದ್ದ. ಅಮ್ಮ ನಿಜವಾಗಿ ಹುಟ್ಟಿದ್ದು ಅರವತ್ತನಾಲ್ಕನೇ ಇಸವಿ ಮಾರ್ಚ್ ಒಂದರಂದು, ಇನ್ನೂ ಇಪ್ಪತ್ತೊಂದು ತಿಂಗಳ ಕೆಲಸ ಬಾಕಿ ಇದೆ ಎಂದು. ಸಾಕ್ಷಿ? ಅವರ ಬೀದಿಯ ಸೂಲಗಿತ್ತಿ ಬರೆದಿಡುತ್ತಿದ್ದ ನೋಟ್‌ಬುಕ್. ಸೂಲಗಿತ್ತಿ ತೀರಿಕೊಂಡಿದ್ದಳು, ಪುಸ್ತಕ ಅವಳ ಮಗಳ ಪೆಟ್ಟಿಗೆಯಲ್ಲಿತ್ತು. ಇಂಥ ದಾಖಲೆ ಅರ್ಜಿದಾರರ ಕೈ ಸೇರದೆ ನೇರವಾಗಿ ಕಚೇರಿಗೆ ಬರಬೇಕೆಂಬುದು ನಿಯಮ. ಹಾಗೇ ಬಂತು. ಬಂದ ನಾಲ್ಕನೇ ದಿನಕ್ಕೆ ಹೀಗಾಯಿತು.

ಸುದ್ದಿ ಸೂಪರಿಂಟೆಂಡೆಂಟರಿಗೆ ಮುಟ್ಟಲು ಹತ್ತು ನಿಮಿಷ ಸಾಕಾಯಿತು. ಅವರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. ದೊಡ್ಡ ಸಿಸ್ಟರ್ ಹೋದರೆ ಕುರ್ಚಿ ಯಾರಿಗೆ? ಎರಡನೇ ಸಿಸ್ಟರ್‌ಗೆ. ಶುಕ್ರವಾರ ಈ ಕೋಣೆಗೆ ಬಂದಿದ್ದವರು ಯಾರು? ಅವಳೇ. ಸಂಜೆಯೊಳಗೆ ವರದಿ ಬರಲಿ, ಅಮಾನತು ಆದೇಶ ಟೈಪಾಗಲಿ ಎಂದರು. ನಾನು ಯಂತ್ರಕ್ಕೆ ಕಾಗದ ತೊಡಿಸಿದೆ. ಹೆಸರಿನ ಜಾಗ ಖಾಲಿ ಬಿಡು ಎಂದು ಮೇಡಂ ಕಣ್ಣಲ್ಲೇ ಹೇಳಿದರು.

ಬೀರುವಿನ ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಅದು ಗುಟ್ಟೇನಲ್ಲ. ಶುಕ್ರವಾರ ನಾನು ಹಲ್ಲುನೋವೆಂದು ರಜೆ, ಮೇಡಂ ಸಭೆಯಲ್ಲಿ. ಗುಮಾಸ್ತರು ಮೂರು ಸಲ ನೆರಳಚ್ಚು ಮಾಡಿಸಲು ಕೆಳಗೆ ಹೋಗಿದ್ದರು. ಆ ದಿನ ಬಂದವರು ಮೂವರು. ರಜೆಯ ಲೆಕ್ಕ ನೋಡಲು ಎರಡನೇ ಸಿಸ್ಟರ್, ವಿಚಾರಣೆಯ ಸಮಯ ಕೇಳಲು ಮಗ, ಪಿಂಚಣಿಯ ನಮೂನೆಗಳಿಗೆ ಸಹಿ ಹಾಕಲು ದೊಡ್ಡ ಸಿಸ್ಟರ್. ಮೂವರೂ ಸ್ವಲ್ಪ ಹೊತ್ತು ಒಬ್ಬೊಬ್ಬರೇ ಇದ್ದರು.

ಮೊದಲು ಬಂದದ್ದು ಎರಡನೇ ಸಿಸ್ಟರ್. ಕೂರಲಿಲ್ಲ.

"ನನಗೆ ಆ ಕುರ್ಚಿ ಬೇಕು ಮೇಡಂ. ಬೇಡ ಅಂತ ಯಾಕೆ ಸುಳ್ಳು ಹೇಳ್ಲಿ? ಹನ್ನೊಂದು ವರ್ಷದಿಂದ ಎರಡನೇ ಸಿಸ್ಟರ್ ಆಗಿದೀನಿ. ಎರಡನೇದು ಅನ್ನೋದೇ ನನ್ನ ಹೆಸರಾಗಿಹೋಗಿದೆ. ಆದ್ರೆ ಬ್ಲೇಡ್ ಹಿಡ್ಕೊಂಡು ಬೇರೆಯವರ ವಯಸ್ಸು ಕತ್ತರಿಸೋಕೆ ಬರ್ತೀನಾ?"

ಅರ್ಜಿ ಓದಿದ್ದೀರಾ ಎಂದು ಮೇಡಂ ಕೇಳಿದರು. ಓದಿದ್ದೇನೆ, ಗುಮಾಸ್ತರು ತೋರಿಸದೆ ಬಿಟ್ಟವರು ಯಾರಿದ್ದಾರೆ ಎಂದಳು. ಗುಮಾಸ್ತರು ಕಿಟಕಿಯ ಕಡೆ ನೋಡಿದರು.

"ದೊಡ್ಡ ಸಿಸ್ಟರ್ ಹುಟ್ಟಿದ್ದು ಯಾವತ್ತು?"

"ಮಾರ್ಚ್ ಒಂದು ಅಂತ ಬರೆದಿತ್ತು. ಯಾಕೆ?"

ಮೇಡಂ ಸುಮ್ಮನೆ ತಲೆಯಾಡಿಸಿ ಕಳಿಸಿದರು.

ಮಗ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಒಳಗೆ ಬಂದ. ಮೂವತ್ತರ ಆಸುಪಾಸು, ಮನೆಯ ಮೇಲೊಂದು ಮಹಡಿ ಎಬ್ಬಿಸುತ್ತಿದ್ದ, ಅಂಗಿಯ ತೋಳಿನಲ್ಲಿ ಸಿಮೆಂಟಿನ ಕಲೆ ಇತ್ತು. ಯಾರು ಮಾಡಿದ್ದು ಅಂತ ನಿಮಗೆಲ್ಲ ಗೊತ್ತು, ಆದರೂ ನಮ್ಮನ್ನೇ ಕೇಳುತ್ತೀರಿ ಎಂದು ಶುರು ಮಾಡಿದ. ಅರ್ಜಿ ಬರೆದವನು ತಾನೇ ಎಂದ. ಅಮ್ಮ ಡ್ಯೂಟಿ ಮುಗಿಸಿ ಬಂದಾಗ ಇಲ್ಲಿ ಸಹಿ ಹಾಕು ಅಂದೆ, ಹಾಕಿದಳು ಎಂದ.

"ಇನ್ನೂ ಕೆಲಸ ಮಾಡೋ ಆಸೆ ಅವರಿಗಿದೆಯಾ?" ಎಂದು ಮೇಡಂ ಕೇಳಿದರು.

"ಅಮ್ಮನಿಗೆ ಕೆಲಸ ಅಂದ್ರೆ ಪ್ರಾಣ."

"ಅವರೇ ಹೇಳಿದ್ರಾ?"

"ಹೇಳೋದೇನಿದೆ ಮೇಡಂ? ನಮ್ಮಮ್ಮ ನನಗೆ ಗೊತ್ತಿಲ್ವಾ?"

ಹುಟ್ಟಿದ ದಿನ ಮಾರ್ಚ್ ಒಂದು ಎಂದು ಯಾರು ಹೇಳಿದ್ದು ಎಂದಾಗ, ಚಿಕ್ಕವನಿದ್ದಾಗ ಅಮ್ಮನೇ ಹೇಳಿದ್ದಳು ಎಂದ. ಒಂದೆರಡು ಸಲ ಕೇಕ್ ತಂದಿದ್ದರಂತೆ. ಅವಳಿಗೆ ಸಂಜೆ ಪಾಳಿ ಇತ್ತು, ಇವರೇ ತಿಂದು ಮುಗಿಸಿದರಂತೆ. ಆಮೇಲೆ ಮರೆತೇ ಹೋಯಿತು ಎಂದು ಹೇಳುವಾಗ ಅವನಿಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಕೊನೆಗೆ ದೊಡ್ಡ ಸಿಸ್ಟರ್. ಬೆಳಗಿನಿಂದ ಎರಡು ಹೆರಿಗೆ ಆಗಿತ್ತು, ಮೂರನೆಯದು ಮಧ್ಯಾಹ್ನಕ್ಕಿತ್ತು. ಹವೆ ಬದಲಾಗುವ ಈ ದಿನಗಳಲ್ಲಿ ವಾರ್ಡು ತುಂಬಿಹೋಗುತ್ತದೆ. ಕೂತ್ಕೊಳ್ಳಿ ಎಂದು ಮೇಡಂ ಎರಡು ಸಲ ಹೇಳಬೇಕಾಯಿತು. ಕೂತ ಮೇಲೂ ಅವರ ಬೆನ್ನು ಕುರ್ಚಿಗೆ ತಾಗಲಿಲ್ಲ.

ಹಾಳೆ ಹೋದದ್ದು ಗೊತ್ತಾಯಿತಾ? ಗೊತ್ತಾಯಿತು. ಬೇಜಾರಾಯಿತಾ?

"ಹೋದ್ರೆ ಹೋಯ್ತು. ಏನ್ಮಾಡೋಕಾಗುತ್ತೆ."

"ನೀವು ಹುಟ್ಟಿದ್ದು ಯಾವತ್ತು ಸಿಸ್ಟರ್?"

"ಅರ್ಜೀಲಿ ಬರೆದಿದ್ಯಲ್ಲ ಮೇಡಂ."

ಆಮೇಲೆ ಕೇಳದೆಯೇ ಒಂದು ಮಾತು ಸೇರಿಸಿದರು. "ಎರಡನೇ ಸಿಸ್ಟರ್‌ನ ಇದಕ್ಕೆ ಎಳೀಬೇಡಿ. ಅವಳಲ್ಲ."

"ಹೇಗೆ ಗೊತ್ತು?"

"ಕೆಲಸ ಕಲಿಸಿದ್ದು ನಾನಲ್ವಾ."

ಅವರು ವಾರ್ಡಿಗೆ ಮರಳಿದರು. ನಾನು ಅಮಾನತು ಆದೇಶದ ಎರಡು ಪ್ಯಾರಾ ಹೊಡೆದು ನಿಲ್ಲಿಸಿದೆ. ಮೇಡಂ ನೋಟ್‌ಬುಕ್ ಹತ್ತಿರ ಎಳೆದುಕೊಂಡು ಕನ್ನಡಕ ಹಣೆಗೇರಿಸಿ ಓದಲು ಕೂತರು. ಬೆಳಗಿನಿಂದ ಕತ್ತರಿಸಿದ ಅಂಚನ್ನು ನೋಡದವರಿಲ್ಲ, ಉಳಿದದ್ದನ್ನು ಓದಿದವರಿಲ್ಲ.

ಸೂಲಗಿತ್ತಿಗೆ ಶಿಸ್ತಿತ್ತು. ಪ್ರತಿ ತಿಂಗಳಿಗೂ ಹೊಸ ಹಾಳೆ. ಮಕ್ಕಳಿಗೆ ಇನ್ನೂ ಹೆಸರಿಲ್ಲದ್ದರಿಂದ ಮನೆಯ ಗುರುತು ಬರೆಯುತ್ತಿದ್ದಳು. ಮೇಡಂ ನನ್ನನ್ನು ಕರೆದು ಅಂಚಿನ ಮುಂದಿನ ಹಾಳೆಯ ಮೊದಲ ಸಾಲನ್ನು ಗಟ್ಟಿಯಾಗಿ ಓದಲು ಹೇಳಿದರು.

"ಅರವತ್ತನಾಲ್ಕು. ಮಾರ್ಚ್ ಒಂದು, ಭಾನುವಾರ. ಗಡಿಯಾರದಂಗಡಿ ಮನೆ. ಗಂಡು."

"ಅವತ್ತು ಬೇರೆ ಯಾವ ಮಗು?"

"ಇಲ್ಲ ಮೇಡಂ. ಮುಂದಿನದು ಮಾರ್ಚ್ ನಾಲ್ಕು."

ಅವರು ಪುಸ್ತಕ ಮುಚ್ಚಿ ಎದ್ದರು. ಮಂಡಿ ಹಿಡಿದುಕೊಂಡು ಎರಡು ಕ್ಷಣ ನಿಂತರು. "ಬಾ," ಎಂದರು. "ಇದನ್ನ ಕಂಡುಹಿಡೀದೇ ಇದ್ದಿದ್ರೆ ಚೆನ್ನಾಗಿತ್ತು."

ಹೆರಿಗೆ ವಾರ್ಡಿನ ಪಕ್ಕದ ಕೋಣೆಯಲ್ಲಿ ದೊಡ್ಡ ಸಿಸ್ಟರ್ ಮಕ್ಕಳನ್ನು ಸುತ್ತುವ ಬಟ್ಟೆಗಳನ್ನು ಮಡಚುತ್ತಿದ್ದರು. ಗೋಡೆಯಾಚೆ ಯಾವುದೋ ಹಸುಗೂಸು ಒಂದೇ ಸಮನೆ ಅಳುತ್ತಿತ್ತು. ಮೇಡಂ ಬಾಗಿಲು ಮುಚ್ಚಿದರು.

"ಸಿಸ್ಟರ್, ಹೋಗಿರೋದು ಮಾರ್ಚ್ ಹಾಳೆ ಅಲ್ಲ. ಫೆಬ್ರವರಿದು."

ಮಡಚುವ ಕೈ ನಿಲ್ಲಲಿಲ್ಲ.

"ಅರ್ಜಿ ಓದಿದವರು ಯಾರೇ ಆಗ್ಲಿ, ಬೀರು ತೆಗೆದು ಮಾರ್ಚ್ ಒಂದನ್ನ ಹುಡುಕ್ತಾರೆ. ಹುಡುಕಿದ್ರೆ ಏನು ಸಿಗುತ್ತೆ? ಗಡಿಯಾರದಂಗಡಿಯವರ ಗಂಡು ಮಗು. ಹೆಣ್ಣೇ ಇಲ್ಲ. ಎರಡನೇ ಸಿಸ್ಟರ್ ಅದನ್ನ ನೋಡಿದ್ರೆ ನಗ್ತಾ ಪುಸ್ತಕ ಮುಚ್ಚಿಟ್ಟು ಹೋಗ್ತಿದ್ರು. ಯಾಕಂದ್ರೆ ನಾಳೆ ಆ ಹಾಳೆ ತೋರಿಸಿದ್ರೆ ಅರ್ಜಿ ತಾನಾಗೇ ಬಿದ್ದುಹೋಗುತ್ತೆ. ಅವರು ಕತ್ತರಿಸಬೇಕಾದ್ದೇ ಇಲ್ಲ. ನಿಮ್ಮ ಮಗನೂ ಅಷ್ಟೇ, ಅವನಿಗೆ ಗೊತ್ತಿರೋದು ಮಾರ್ಚ್ ಒಂದು. ಹಾಗಾದ್ರೆ ಫೆಬ್ರವರಿ ಹಾಳೆ ಯಾರಿಗೆ ಬೇಕಿತ್ತು? ನೀವು ನಿಜವಾಗಿ ಯಾವತ್ತು ಹುಟ್ಟಿದ್ದು ಅಂತ ಗೊತ್ತಿದ್ದವರಿಗೆ."

ಮೇಡಂ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬಟ್ಟೆಗಳ ಪಕ್ಕ ಇಟ್ಟರು.

"ಫೆಬ್ರವರಿಯಲ್ಲಿ ಹುಟ್ಟಿ, ಮಕ್ಕಳಿಗೆ ಮಾರ್ಚ್ ಒಂದು ಅಂತ ಹೇಳೋ ಹಾಗೆ ಮಾಡೋ ತಾರೀಕು ಒಂದೇ ಒಂದಿದೆ. ಅರವತ್ತನಾಲ್ಕರಲ್ಲಿ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಕೊನೇ ದಿನ ಶನಿವಾರ. ಅಲ್ವಾ?"

"ಶನಿವಾರ ಬೆಳಿಗ್ಗೆ," ಎಂದರು ದೊಡ್ಡ ಸಿಸ್ಟರ್. "ಬಡಗಿ ಮನೆ. ಹೆಣ್ಣು. ಹಾಗೇ ಬರೆದಿದಾಳೆ."

"ಮನೇಲಿ ಯಾರಿಗೂ ಗೊತ್ತಿಲ್ಲ?"

"ಹೇಳೋಕೆ ಹೋಗ್ಲಿಲ್ಲ. ನಾಲ್ಕು ವರ್ಷಕ್ಕೊಂದ್ಸಲ ಅಂದ್ರೆ ಮಕ್ಕಳು ಯಾಕೆ, ಏನು ಅಂತ ಪ್ರಾಣ ತಿಂತಾರೆ. ಮಾರ್ಚ್ ಒಂದು ಅಂದ್ರೆ ಮಾತು ಅಲ್ಲಿಗೇ ಮುಗಿಯುತ್ತೆ."

"ಅರ್ಜೀಲಿ ಅವನು ಅದನ್ನೇ ಬರೆದಿದಾನೆ ಅಂತ ನಿಮಗೆ ಗೊತ್ತಿರಲಿಲ್ಲ."

ಈಗ ಕೈ ನಿಂತಿತು. ದೊಡ್ಡ ಸಿಸ್ಟರ್ ಮೊದಲ ಬಾರಿಗೆ ತಲೆ ಎತ್ತಿ ನೋಡಿದರು.

"ಮಾರ್ಚ್ ಒಂದು ಅಂತ ಬರೆದಿದಾನಾ? ಅದು ಅವನಿಗೆ ಮರೆತೇ ಹೋಗಿದೆ, ಪುಸ್ತಕ ನೋಡಿ ಅಂತಷ್ಟೇ ಬರೆದಿರ್ತಾನೆ ಅಂದ್ಕೊಂಡಿದ್ದೆ."

"ಮೊದಲನೇ ಸಾಲಲ್ಲೇ ಇದೆ. ನೀವು ಓದದೆ ಸಹಿ ಹಾಕಿದ್ರಿ. ಓದಿದ್ದಿದ್ರೆ ಬ್ಲೇಡ್ ಮುಟ್ಟಬೇಕಾಗೇ ಇರಲಿಲ್ಲ. ಹಾಳೆ ಕತ್ತರಿಸಿದವರು ನೀವೇ ಸಿಸ್ಟರ್."

ಅವರು ನಕ್ಕರೋ ಉಸಿರು ಬಿಟ್ಟರೋ ನನಗೆ ತಿಳಿಯಲಿಲ್ಲ. ಮಡಚಿಟ್ಟ ಬಟ್ಟೆಗಳ ಕೆಳಗೆ ಕೈ ಹಾಕಿ ವಾರ್ಡಿನ ಜನನ ರಿಜಿಸ್ಟರ್ ಎಳೆದರು. ಅದರ ಕೊನೆಯ ರಟ್ಟಿನೊಳಗೆ ಹಾಳೆ ಇತ್ತು, ಒಂದು ಮಡಿಕೆಯೂ ಇಲ್ಲದೆ.

"ಹರಿದುಹಾಕೋಕೆ ಕೈ ಬರಲಿಲ್ಲ. ಇದರಲ್ಲಿ ಇನ್ನೂ ಆರು ಮಕ್ಕಳಿದ್ದಾರೆ."

ಆಮೇಲೆ ಅವರು ಹೇಳಿದ್ದು ಹೆಚ್ಚೇನಿಲ್ಲ. ಕಾಲು ಊದುತ್ತದೆ, ರಾತ್ರಿ ಪಾಳಿಯ ಮರುದಿನ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬರುತ್ತದೆ, ಹೋದ ತಿಂಗಳು ಒಂದು ಮಗುವಿನ ಕಾಲಿಗೆ ಕಟ್ಟುವ ಗುರುತಿನ ಪಟ್ಟಿಯನ್ನು ಇನ್ನೊಂದಕ್ಕೆ ಕಟ್ಟಿ ಗಳಿಗೆಯಲ್ಲಿ ಸರಿಮಾಡಿದರು, ಯಾರಿಗೂ ತಿಳಿಯಲಿಲ್ಲ, ಆದರೆ ಅವತ್ತಿನಿಂದ ಭಯ. ಜೂನ್ ಒಂದು ಎಂದು ತಪ್ಪು ಬರೆದ ಆ ಮೇಷ್ಟ್ರನ್ನು ಈ ವರ್ಷವೆಲ್ಲ ಮನಸ್ಸಿನಲ್ಲೇ ಹರಸುತ್ತಿದ್ದರಂತೆ. ಅಷ್ಟರಲ್ಲಿ ಮನೆಯಲ್ಲಿ ಮಹಡಿಯ ಮಾತು ಬಂತು, ಗಂಡ ಹೌದೆಂದರು, ಸೊಸೆ ಹೌದೆಂದಳು, ಮಗ ಅರ್ಜಿ ತಂದ.

"ಬೇಡ ಅಂತ ಒಂದು ಮಾತು ಹೇಳಬಹುದಿತ್ತಲ್ಲ," ಎಂದೆ ನಾನು. ಅಷ್ಟು ಹೊತ್ತು ಸುಮ್ಮನಿದ್ದವಳಿಗೆ ತಡೆಯಲಾಗಲಿಲ್ಲ.

"ನೀನು ಯಾವತ್ತಾದ್ರೂ ಮನೇಲಿ ಹೇಳಿದೀಯಾ?"

ಆ ಬೆಳಿಗ್ಗೆ ನೋವಿನ ಹಲ್ಲಿಟ್ಟುಕೊಂಡೇ ಐದು ಜನಕ್ಕೆ ಅಡುಗೆ ಮಾಡಿಟ್ಟು ಬಂದಿದ್ದೆ.

ಮೇಡಂ ಹಾಳೆಯನ್ನು ನೋಟ್‌ಬುಕ್ಕಿನ ಒಳಗಿಟ್ಟರು. ವರದಿಯಲ್ಲಿ ನಿಮ್ಮ ಹೆಸರು ಬರೆಯಲೇಬೇಕು, ಇಲ್ಲದಿದ್ದರೆ ಸಾಹೇಬರು ಎರಡನೇ ಸಿಸ್ಟರ್ ಹೆಸರನ್ನು ಬಿಡುವುದಿಲ್ಲ ಎಂದರು. ಎಂಟು ದಿನದಲ್ಲಿ ಹೋಗುವವರ ಮೇಲೆ ಒಂದು ಎಚ್ಚರಿಕೆ ಪತ್ರಕ್ಕಿಂತ ಹೆಚ್ಚಿನದೇನೂ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿದರು.

"ಬರೀರಿ."

"ಇನ್ನೊಂದು. ಹಾಳೆ ಸಿಕ್ಕಿದೆ. ನಾಳೆ ಕಮಿಟಿ ಇದನ್ನ ನೋಡಿದ್ರೆ, ತಾರೀಕು ತಿದ್ದಿಸಿಕೊಂಡು ಕೆಲಸ ಮುಂದುವರಿಸಿ ಅಂತಾನೇ ಹೇಳಬಹುದು. ಬೇಡ ಅನ್ನೋ ಮಾತು ಈಗ ನೀವೇ ಹೇಳಬೇಕು. ಹಾಳೆ ಹೇಳೋದಿಲ್ಲ."

ದೊಡ್ಡ ಸಿಸ್ಟರ್ ನನ್ನ ಕಡೆ ಕೈ ಚಾಚಿದರು. ನಾನು ಪೆನ್ನು ಕೊಟ್ಟೆ. ಬಟ್ಟೆಗಳ ರಾಶಿಯನ್ನೇ ಮೇಜು ಮಾಡಿಕೊಂಡು ಒಂದು ಸಾಲು ಬರೆದರು: ನನ್ನ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಬರೆದ ಮೇಲೆ ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರು.

ಮಗ ಕಾರಿಡಾರಿನ ಬೆಂಚಿನಲ್ಲಿ ಕಾಯುತ್ತಿದ್ದ. ಪಕ್ಕದಲ್ಲಿ ಹೆಲ್ಮೆಟ್ ಇತ್ತು.

"ಅಮ್ಮ, ಹಾಳೆ ಸಿಕ್ತಾ?"

"ಸಿಕ್ತು. ಕತ್ತರಿಸಿದ್ದು ನಾನೇ ಕಣೋ. ಅರ್ಜಿನೂ ವಾಪಸ್ ತಗೊಂಡೆ."

ಅವನು ನಮ್ಮಿಬ್ಬರ ಮುಖ ನೋಡಿದ, ನಾವು ಯಾರಾದರೂ ಇದನ್ನು ತಿದ್ದುತ್ತೇವೆಂದು ಕಾಯುವವನ ಹಾಗೆ.

"ಯಾಕಮ್ಮ?"

"ಸುಸ್ತಾಗಿದೆ."

"ಹಾಗಂತ ಹೇಳಬಾರದಿತ್ತಾ?"

"ಈಗ ಹೇಳ್ತಿದೀನಲ್ಲ."

ಅವನು ತಾಯಿಯ ಕಾಲುಗಳ ಕಡೆ ನೋಡಿದ. ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಕಚ್ಚಿಕೊಂಡಿತ್ತು. ಅದನ್ನು ಅವನು ಅಂದೇ ಮೊದಲು ನೋಡಿದನೋ ಏನೋ. ಹೆಲ್ಮೆಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಸರಿದ.

ದೊಡ್ಡ ಸಿಸ್ಟರ್ ಕೂತರು. ಬೆನ್ನು ಗೋಡೆಗೆ ಒರಗಿಸಿದರು.