ಮೇಲಿನ ಗುಂಡಿ

ಎರಡು ವರ್ಷದ ಹಿಂದೆ ಪಕ್ಕದ ಮನೆಯ ವಿಸ್ಟಿನ್ ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಿಬಿಟ್ಟರು. ನಮ್ಮ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಮನೆಯಲ್ಲಿ ಒಬ್ಬರೇ ಇರುವ ಮುದುಕರಿಗೆ ಎಷ್ಟು ಸಹಾಯ ಬೇಕೆಂದು ನೋಡಲು ಸರ್ಕಾರದವರು ಬಂದು ಪ್ರಶ್ನೆ ಕೇಳುತ್ತಾರೆ. ಫೇಲಾದವರಿಗೆ ಸಹಾಯ, ಪಾಸಾದವರಿಗೆ ಟಾಟಾ. ಮಾಲ್ಟಾದಿಂದ ಹಡಗಿನಲ್ಲಿ ಮೆಲ್ಬರ್ನಿಗೆ ಬಂದು ನಲವತ್ತು ವರ್ಷ ರೈಲು ವರ್ಕ್‌ಶಾಪಿನಲ್ಲಿ ದುಡಿದ ಮನುಷ್ಯನಿಗೆ ಫೇಲಾಗುವುದು ಎಲ್ಲಿಂದ ಬರಬೇಕು? ಸೂಟು ಹಾಕಿಕೊಂಡು ಕೂತು, "ಎಲ್ಲಾ ನಾನೇ ಮಾಡ್ಕೋತೀನಿ" ಅಂದರು. ಸರ್ಕಾರದವರು ತಿಂಗಳಿಗೊಮ್ಮೆ ಹಿತ್ತಿಲ ಹುಲ್ಲು ಕತ್ತರಿಸಲು ಒಬ್ಬನನ್ನು ಕಳಿಸಿದರು. ಅಷ್ಟೇ.

ಈ ಮೇ ತಿಂಗಳಲ್ಲಿ ಬಚ್ಚಲಲ್ಲಿ ಬಿದ್ದರು. ದಿನಾ ಏಳು ಗಂಟೆಗೆ ಅವರ ಅಡುಗೆಮನೆಯ ಪರದೆ ಮೇಲೇಳುತ್ತದೆ. ಅದನ್ನು ನೋಡಿಯೇ ಪಕ್ಕದ ಮನೆಯ ನಾನು ಕಾಫಿಗೆ ನೀರಿಡುವುದು. ಅವತ್ತು ಎಂಟಾದರೂ ಏಳಲಿಲ್ಲ. ಬೇಲಿಯ ಹಲಗೆ ಕಿತ್ತುಹೋದ ಸಂದಿಯಲ್ಲಿ ನುಗ್ಗಿ ಓಡಿದೆ.

"ಬಿದ್ದಿಲ್ಲ ಚೆನ್ಸಾ, ಸುಮ್ನೆ ಕೂತಿದ್ದೀನಿ," ಅಂದರು ನನ್ನ ಹೆಸರು ಹಿಡಿದು, ಬಚ್ಚಲ ನೆಲದ ಮೇಲಿಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

ಮಕ್ಕಳಿಲ್ಲದ ಅವರಿಗೆ ದಿಕ್ಕೆಂದರೆ ಬ್ರಿಸ್ಬೇನಿನಲ್ಲಿರುವ ತಂಗಿಯ ಮಗಳು ಮಿರೆಲ್ಲಾ. ಫೋನು ಮಾಡಿ ಹೇಳಿದಳು, "ಆಂಟಿ, ದಿನಾ ಬೆಳಿಗ್ಗೆ ಸ್ನಾನ ಮಾಡಿಸೋಕೆ ಯಾರಾದ್ರೂ ಬರೋ ಹಾಗಾದ್ರೆ ಸರಿ. ಇಲ್ಲಾಂದ್ರೆ ಮಾಮನ್ನ ಕರ್ಕೊಂಡ್ಬಂದು ಇಲ್ಲೇ ವೃದ್ಧಾಶ್ರಮಕ್ಕೆ ಸೇರಿಸ್ತೀನಿ. ಇನ್ನೊಂದ್ಸಲ ಬಿದ್ರೆ ಏನು ಗತಿ?"

ಅವಳು ಹೇಳಿದ್ದು ಸರಿಯೇ. ಅದೇ ಸಂಕಟ. ಬ್ರಿಸ್ಬೇನಿಗೆ ವಿಮಾನದಲ್ಲಿ ಎರಡು ಗಂಟೆ. ಎಪ್ಪತ್ತಾರರ ನಾನು, ಈ ಬೆನ್ನು ಹೊತ್ತುಕೊಂಡು, ಎಷ್ಟು ಸಲ ಹೋಗಿಬಂದೇನು? ಹೌದು, ನನಗೆ ಅವರೆಂದರೆ ಇಷ್ಟ. ಈ ವಯಸ್ಸಿಗೆ ಇನ್ಯಾರ ಭಯ? ಭಯವಿದ್ದದ್ದು ಅವರೆದುರು ಹೇಳಲು ಮಾತ್ರ.

ಮತ್ತೆ ಅರ್ಜಿ ಹಾಕಿದ್ದಕ್ಕೆ, ಸರ್ಕಾರದವರು ಬುಧವಾರ ಹತ್ತಕ್ಕೆ ಬರುವುದಾಗಿ ಕಾಗದ ಬಂತು. ಸೋಮವಾರ ನಾನೇ ಅಧಿಕಾರಿಯಾಗಿ, ಕನ್ನಡಕ ಮೂಗಿನ ತುದಿಗಿಟ್ಟು, ರಿಹರ್ಸಲ್‌ಗೆ ಕೂತೆ.

"ಶರ್ಟು ಯಾರು ಹಾಕ್ತಾರೆ?"

"ನಾನೇ."

"ರೀ, ಸುಳ್ಳು! ಹೋದ ವಾರ ಗುಂಡಿ ಒಂದು ಮೇಲೆ, ಒಂದು ಕೆಳಗೆ ಆಗಿತ್ತು."

"ಅದು ಫ್ಯಾಷನ್."

"ನಿಮ್ಮ ಫ್ಯಾಷನ್‌ಗಿಷ್ಟು ಬೆಂಕಿ ಹಾಕ! ಕೈ ನಡುಗುತ್ತೆ, ಗುಂಡಿ ಹಾಕೋಕಾಗಲ್ಲ ಅಂತ ಹೇಳ್ಬೇಕು. ಎಲ್ಲಿ, ಹೇಳಿ?"

ಅವರು ಒಂದು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಈ ಅಧಿಕಾರಿ ಕನ್ನಡಕದಲ್ಲಿ ಚೆಂದ ಕಾಣ್ತಾಳೆ. ಇವಳ ಮುಂದೆ ಸತ್ಯ ಹೇಳೋದು ಕಷ್ಟ."

ನನ್ನ ಕೆನ್ನೆ ಬಿಸಿಯಾಯಿತು. ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿಬಿಟ್ಟೆ.

ಮಂಗಳವಾರ ನನಗೆ ತಡೆಯಲಾಗಲಿಲ್ಲ. ಹೊರಗಿನವರೊಬ್ಬರು ಬಂದು ಆ ಜಿಡ್ಡು ಹಿಡಿದ ಒಲೆ ನೋಡುವುದೇ? ನಮ್ಮ ಮಾಲ್ಟಾದವರ ಮನೆ ಹೀಗೆ ಅನ್ನಿಸಿಕೊಳ್ಳುವುದೇ? ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಒಲೆ ತಿಕ್ಕಿದೆ, ಬಚ್ಚಲು ಉಜ್ಜಿದೆ, ಮಾತೆ ಮರಿಯಳ ಪ್ರತಿಮೆಯ ಧೂಳು ತೆಗೆದೆ.

"ನಾಳೆ ಬಟ್ಟೆ ಹಾಕೋಕೆ ಬೇಗ ಬರ್ಲಾ?" ಎಂದು ಹೊರಡುವಾಗ ಕೇಳಿದೆ.

"ಏನೂ ಬೇಡ. ನೀನು ಹತ್ತಕ್ಕೆ ಬಾ."

ಬುಧವಾರ ಚೀಸ್ ತುಂಬಿದ ನಮ್ಮೂರ ಪಫ್, ಬಿಸಿಬಿಸಿ ಪಾಸ್ತಿತ್ಸಿ ಹಿಡಿದು ಹೋದೆ. ನೋಡಿದರೆ ಏನು! ನೀಲಿ ಸೂಟು, ಟೈ, ನೀರು ಹಚ್ಚಿ ಬಾಚಿದ ಬಿಳಿ ಕೂದಲು. ಮದುಮಗನ ಹಾಗೆ ಕುರ್ಚಿಯಲ್ಲಿ ಕೂತಿದ್ದಾರೆ. ಬೈಯೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಂದವಳ ಹೆಸರು ಥುಯ್. ಮೂವತ್ತರ ಹುಡುಗಿ, ಮೆತ್ತನೆಯ ಮಾತು. ಟ್ಯಾಬ್ಲೆಟ್ ತೆರೆದು ಮೊದಲು ನನ್ನನ್ನೇ ಕೇಳಿದಳು.

"ನೀವು ಇವರಿಗೆ ಏನಾಗ್ಬೇಕು?"

"ಪಕ್ಕದ ಮನೆ," ಅಂದೆ. ಟೈಪು ಮಾಡಿಕೊಂಡಳು.

ಆಮೇಲೆ ಪಾಸ್ತಿತ್ಸಿ ಕಚ್ಚುತ್ತ ಸುತ್ತ ನೋಡಿ, "ಮನೆ ಎಷ್ಟು ನೀಟಾಗಿ ಇಟ್ಕೊಂಡಿದ್ದೀರಿ ಸರ್!" ಅಂದಳು.

ನನ್ನ ಕೈಯಲ್ಲಿ ಇನ್ನೂ ಬ್ಲೀಚಿನ ವಾಸನೆ ಇತ್ತು. ಅಯ್ಯೋ ಹಾಳಾದವಳೇ, ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆನಲ್ಲ! ಒಲೆ ತಿಕ್ಕಿ ತಿಕ್ಕಿ ಅವರನ್ನು ನಾನೇ ಬ್ರಿಸ್ಬೇನಿಗೆ ಕಳಿಸುತ್ತಿದ್ದೇನೆ.

"ಸ್ನಾನ?" "ನಾನೇ." "ಅಡುಗೆ?" "ನಾನೇ." "ಈಚೆಗೆ ಬಿದ್ದಿದ್ರಾ?" "ಕೂತಿದ್ದೆ."

ಪ್ರತಿ ಉತ್ತರ ಕೊಟ್ಟ ಮೇಲೂ ಓರೆಗಣ್ಣಿನಿಂದ ನನ್ನ ಕಡೆ ನೋಡುತ್ತಿದ್ದರು. ನಾನು ಎದುರಿಗಿರುವುದಕ್ಕೇ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು. ನೀರು ತರುತ್ತೇನೆಂದು ಎದ್ದೆ. ಅಷ್ಟರಲ್ಲಿ ಥುಯ್, "ಸರ್, ಬಾಗಿಲ ತನಕ ನಡೆದು ತೋರಿಸ್ತೀರಾ?" ಅಂದಳು.

ಅವರು ಕುರ್ಚಿಯ ಕೈ ಹಿಡಿದು ಎದ್ದರು. ಬೆನ್ನು ನನ್ನ ಕಡೆ ತಿರುಗಿತು. ಕೋಟಿನ ಹಿಂಭಾಗವೆಲ್ಲ ಮುದುರಿ ಸುಕ್ಕುಗಟ್ಟಿತ್ತು. ಇವತ್ತು ಬೆಳಿಗ್ಗೆ ಹಾಕಿಕೊಂಡ ಕೋಟಿನ ಸುಕ್ಕಲ್ಲ ಅದು.

"ವಿಸ್ಟಿನ್, ರಾತ್ರಿ ಎಲ್ಲಿ ಮಲಗಿದ್ರಿ?"

ಅವರು ಅರ್ಧ ದಾರಿಯಲ್ಲಿ ನಿಂತರು.

"ನಿಮ್ಮನ್ನೇ ಕೇಳ್ತಿರೋದು. ಹೇಳ್ರೀ!"

"ಇವರು ಸ್ವಲ್ಪ ಹೊರಗಿದ್ರೆ ಆಗುತ್ತಾ ಸರ್?" ಥುಯ್ ಮೆಲ್ಲಗೆ ಕೇಳಿದಳು.

"ಬೇಡಮ್ಮ," ಅಂದರು ವಿಸ್ಟಿನ್. ಗೋಡೆ ಹಿಡಿದುಕೊಂಡು ತಿರುಗಿದರು. "ಅವಳು ಇಲ್ಲೇ ಇರ್ಲಿ. ನಿನ್ನೆ ಮಧ್ಯಾಹ್ನ ಬಟ್ಟೆ ಹಾಕೋಕೆ ಶುರು ಮಾಡಿದೆ. ಮುಗಿಯೋ ಹೊತ್ತಿಗೆ ಕತ್ತಲಾಗಿತ್ತು. ಬಿಚ್ಚಿದ್ರೆ ಬೆಳಿಗ್ಗೆ ಹತ್ತರೊಳಗೆ ಮತ್ತೆ ಹಾಕೋಕಾಗಲ್ಲ. ಅದಕ್ಕೇ ಕುರ್ಚೀಲೇ ರಾತ್ರಿ ಕಳೆದೆ. ಸ್ನಾನ ಮಾಡಿ ನಾಲ್ಕು ದಿನ ಆಯ್ತು. ಬಚ್ಚಲಿಗೆ ಹೋಗೋಕೇ ಭಯ. ಅವತ್ತು ಬಿದ್ದೇ ಇದ್ದೆ, ಎರಡು ಗಂಟೆ."

ಥುಯ್ ಟೈಪು ಮಾಡುವುದನ್ನು ನಿಲ್ಲಿಸಿದಳು. "ಮೊದಲೇ ಯಾಕೆ ಹೇಳ್ಲಿಲ್ಲ ಸರ್?"

"ಯಾರ ಮುಂದೆ ಬೇಕಾದ್ರೂ ಕೈಲಾಗದವನು ಆಗಬಲ್ಲೆ. ಇವಳೊಬ್ಬಳ ಮುಂದೆ ಆಗಬಾರ್ದು ಅಂತಿತ್ತು. ಹೆಂಡತಿ ಹೋಗಿ ಹನ್ನೊಂದು ವರ್ಷ ಆಯ್ತಮ್ಮ. ಬೆಳಿಗ್ಗೆ ಏಳಕ್ಕೆ ಪರದೆ ಎತ್ತೋಕೆ ಹೇಗಾದ್ರೂ ಹಾಸಿಗೆ ಬಿಟ್ಟೇಳ್ತೀನಿ. ಯಾಕೇಂದ್ರೆ ಆ ಕಡೆ ಇವಳು ನೋಡ್ತಾ ನಿಂತಿರ್ತಾಳೆ."

ಮೂವತ್ತೊಂದು ವರ್ಷದ ನೆರೆಹೊರೆ. ಪರದೆ ಎತ್ತುವಾಗ ನನ್ನನ್ನು ನೋಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ! ಕಣ್ಣೀರು ತಾನಾಗಿ ಇಳಿಯಿತು.

"ಅಮ್ಮಣ್ಣಿ," ಅಂದೆ ಥುಯ್‌ಗೆ. "ಈ ಮನೆ ತಿಕ್ಕಿದ್ದು ನಾನು. ಅವರಲ್ಲ. ಅದನ್ನ ಬರ್ಕೋ. ಮತ್ತೆ ಮೇಲೆ ಪಕ್ಕದ ಮನೆ ಅಂತ ಹಾಕಿದ್ದೀಯಲ್ಲ, ಅಳಿಸು."

"ಏನಂತ ಹಾಕ್ಲಿ?"

"ಇವರಿಗೆ ಬೇಕಾದವಳು ಅಂತ ಹಾಕು."

ವಿಸ್ಟಿನ್ ಗೋಡೆ ಬಿಟ್ಟು ಕುರ್ಚಿ ಹಿಡಿದುಕೊಂಡರು.

ಥುಯ್ ನಕ್ಕಳು, ಕೂಡಲೇ ಗಂಭೀರಳಾದಳು. "ಹತ್ತಿರದವರು ನೋಡ್ಕೋತಾರೆ ಅಂತಾದ್ರೆ ಸಹಾಯದ ಗಂಟೆ ಕಮ್ಮಿ ಆಗಬಹುದು. ಯೋಚ್ನೆ ಮಾಡಿ ಹೇಳಿ."

ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. "ನನ್ನ ಬೆನ್ನು ನೋಡು ತಾಯಿ. ಪ್ರೀತಿ ಮಾಡೋಕೆ ನಾನಿದ್ದೀನಿ. ಎತ್ತಿ ಕೂರ್ಸೋಕೆ ಯಾರನ್ನಾದ್ರೂ ಕಳಿಸಿ."

ಆಮೇಲಿನ ಏಳು ವಾರ ನಾನು ನೆಟ್ಟಗೆ ಊಟ ಮಾಡಲಿಲ್ಲ. ಬೆಳಿಗ್ಗೆ ಪರದೆ, ಹನ್ನೊಂದಕ್ಕೆ ಅಂಚೆಡಬ್ಬಿ. ನನ್ನ ಆ ಒಂದು ಮಾತಿನಿಂದ ಗಂಟೆ ಕಡಿತವಾಯಿತೇನೋ, ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ನೂರು ಸಲ ನನ್ನನ್ನೇ ಬೈದುಕೊಂಡೆ. "ಸಾವಿರ ಸಲ ಬೈಕೋ, ಆದ್ರೆ ಆ ಮಾತು ಮಾತ್ರ ವಾಪಸ್ ತಗೋಬೇಡ," ಅಂದರು ವಿಸ್ಟಿನ್. ಮಿರೆಲ್ಲಾ ವಾರಕ್ಕೆರಡು ಸಲ ಫೋನು ಮಾಡಿ, ಆಶ್ರಮದಲ್ಲಿ ಒಂದು ಕೋಣೆ ಖಾಲಿಯಿದೆ ಎನ್ನುತ್ತಿದ್ದಳು.

ಕಾಗದ ಬಂದದ್ದು ಶುಕ್ರವಾರ. ಇಬ್ಬರೂ ಒಟ್ಟಿಗೆ ಎಳೆದು ಲಕೋಟೆ ಅಡ್ಡಾದಿಡ್ಡಿ ಹರಿಯಿತು. ದಿನಾ ಬೆಳಿಗ್ಗೆ ಒಂದು ಗಂಟೆ, ವಾರದ ಏಳೂ ದಿನ. ಮಿರೆಲ್ಲಾಳಿಗೆ ಓದಿ ಹೇಳಿದೆ. "ಸರಿ ಆಂಟಿ, ಆ ಕೋಣೆ ಬೇಡ ಅಂತೀನಿ," ಎಂದು ಅವಳೂ ಅತ್ತಳು.

ಸ್ನಾನ ಮಾಡಿಸಲು ಬರುವವನು ಟೆಸ್ಫಾಯೆ. ಇಥಿಯೋಪಿಯಾದವನು, ಆಳೆತ್ತರ, ಕೈ ಮಾತ್ರ ಹೂವಿನಷ್ಟು ಮೆತ್ತಗೆ. ಮೊದಲ ದಿನ ಎಂಟು ಹೊಡೆಯುತ್ತಲೇ ಬೇಲಿ ಸಂದಿಯಿಂದ ಹೋದೆ. ವಿಸ್ಟಿನ್ ಸೋಪಿನ ಪರಿಮಳದಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಗುಂಡಿಗಳೆಲ್ಲ ಸಾಲಾಗಿ ನೆಟ್ಟಗಿವೆ. ಕುತ್ತಿಗೆಯದೊಂದು ಮಾತ್ರ ಬಿಚ್ಚಿಕೊಂಡಿದೆ.

"ಒಂದು ಮರೆತೆಯಲ್ಲಪ್ಪಾ," ಅಂದೆ.

ಟೆಸ್ಫಾಯೆ ಚೀಲ ಹೆಗಲಿಗೇರಿಸಿ ನಕ್ಕ. "ಮರೆತಿಲ್ಲಮ್ಮ. ಹಾಕೋಕೆ ಹೋದ್ರೆ ಕೈ ತಳ್ತಾರೆ. ಅದು ಸರ್ಕಾರದ ಕೆಲ್ಸ ಅಲ್ವಂತೆ, ನಿಮ್ದಂತೆ."

ಅವನು ಹೋದ. ವಿಸ್ಟಿನ್ ಕಿಟಕಿಯ ಕಡೆ ನೋಡುತ್ತ, ಏನೂ ಗೊತ್ತಿಲ್ಲದವರಂತೆ ಗಲ್ಲ ಮೇಲೆತ್ತಿದರು. ನಾನು ಹತ್ತಿರ ಹೋಗಿ ಗುಂಡಿ ಹಿಡಿದೆ. ನನ್ನ ಬೆರಳೂ ಈಗ ಮೊದಲಿನಂತಿಲ್ಲ, ತುಂಬ ಹೊತ್ತು ಹಿಡಿಯಿತು. ಇಬ್ಬರಿಗೂ ಅವಸರವಿರಲಿಲ್ಲ.