ಅರ್ಧ ಮಾತ್ರೆಗೆ ಯಾವ ನಂಬರ್?

ಫೋನ್ ಕೂಗಿದಾಗ ಅದೋಯೊ ಬಾಯಿ ತುಂಬ ಬೇಯಿಸಿದ ಗೆಣಸು ತುರುಕಿಕೊಂಡಿದ್ದಳು. ಒಂದು ಕೈಯಲ್ಲಿ ಶೂ, ಇನ್ನೊಂದು ಕೈಯಲ್ಲಿ ಫೋನ್. ಸರಿಯಾಗಿ ನೋಡುವ ಗೋಜಿಗೂ ಹೋಗದೆ ಹೆಬ್ಬೆರಳಿನಿಂದ 1 ಒತ್ತಿಬಿಟ್ಟಳು.

ಆ ಮೆಸೇಜು ಅವಳಿಗೆ ಬಾಯಿಪಾಠ. ದಿನಾ ಬೆಳಿಗ್ಗೆ ಆಸ್ಪತ್ರೆಯಿಂದ ಬರುತ್ತಿತ್ತು. ಇವತ್ತಿನ ಬಿಪಿ ಮಾತ್ರೆ ನುಂಗಿದಿರಾ? ಹೌದಾದರೆ 1, ಇಲ್ಲವಾದರೆ 2. ಪ್ರಶ್ನೆ ದೊಡ್ಡಜ್ಜಿಗೆ. ದೊಡ್ಡಜ್ಜಿಗೆ ಓದು ಬಾರದು. ಹಾಗಾಗಿ ಉತ್ತರ ಕೊಡುವ ಕೆಲಸ ಐದನೇ ಕ್ಲಾಸಿನ ಅದೋಯೊಳದು. ಅದರ ಜಂಬವೂ ಅವಳಿಗೆ ಕಮ್ಮಿಯೇನಿರಲಿಲ್ಲ.

ಅಷ್ಟರಲ್ಲಿ ದೊಡ್ಡಜ್ಜಿ ಮೀನು ಕೊಯ್ಯುವ ಚಾಕುವಿನಿಂದ ಮಾತ್ರೆಯನ್ನು ಎರಡು ತುಂಡು ಮಾಡಿದ್ದಳು. ಒಂದು ತುಂಡು ತನ್ನ ಬಾಯಿಗೆ. ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಅದೋಯೊಳ ಕೈಗಿಟ್ಟಳು.

"ಆ ಗೆಮ್ ಊರಿನವಳಿಗೆ ಕೊಟ್ಟು ಬಾ. ನಾನು ಕೊಟ್ಟೆ ಅನ್ಬೇಡ."

ಗೆಮ್ ಊರಿನವಳು ಅಂದರೆ ಅಂಗಳದಾಚೆಯ ಮನೆಯ ಚಿಕ್ಕಜ್ಜಿ, ತಾತನ ಎರಡನೇ ಹೆಂಡತಿ. ತಾತ ತೀರಿಹೋಗಿ ಒಂಬತ್ತು ವರ್ಷವಾದರೂ ಸವತಿಯರ ಜಗಳಕ್ಕೆ ಮಾತ್ರ ಇನ್ನೂ ಸುಸ್ತಾಗಿರಲಿಲ್ಲ. ಒಬ್ಬಳ ಕೋಳಿ ಇನ್ನೊಬ್ಬಳ ಅಂಗಳಕ್ಕೆ ಕಾಲಿಟ್ಟರೆ ಸಾಕು, ಆ ಗಲಾಟೆ ಸರೋವರದಲ್ಲಿ ಬಲೆ ಬೀಸುವವರಿಗೂ ಕೇಳುತ್ತಿತ್ತು.

ಆದರೆ ಚಿಕ್ಕಜ್ಜಿಗೂ ಬಿಪಿ ಇತ್ತು. ಇಲ್ಲದ್ದು ಫೋನು. ಮಾತ್ರೆಗೆ ಹೆಸರು ಬರೆದುಕೊಳ್ಳಲು ಊರಿಗೆ ಬಂದ ಆಸ್ಪತ್ರೆಯವರಿಗೆ ಅವಳು ದೊಡ್ಡಜ್ಜಿಯ ನಂಬರನ್ನೇ ಹೇಳಿದ್ದಳು. ಈ ನಂಬರಿಗೆ ಆಗಲೇ ಒಬ್ಬರಿದ್ದಾರೆ ಅಂದಿತು ಅವರ ಟ್ಯಾಬ್. ನಂಬರ್ ಇಲ್ಲದವರಿಗೆ ಪುಕ್ಕಟೆ ಮಾತ್ರೆಯೂ ಇಲ್ಲ. ಚಿಕ್ಕಜ್ಜಿ ಇನ್ನೊಂದು ಸಲ ಕೈಯೊಡ್ಡುವ ಪೈಕಿಯಲ್ಲ. ಅವತ್ತಿನಿಂದ ದೊಡ್ಡಜ್ಜಿಯ ಚಾಕುವಿಗೆ ಹೊಸ ಕೆಲಸ ಸಿಕ್ಕಿತು.

ಅರ್ಧ ಮಾತ್ರೆಗೆ ಯಾವ ನಂಬರ್ ಒತ್ತಬೇಕು ಅಂತ ಅದೋಯೊ ಮೊದಮೊದಲು ತಲೆ ಕೆರೆದುಕೊಂಡಿದ್ದಳು. ಅರ್ಧಕ್ಕೆ ನಂಬರೇ ಇರಲಿಲ್ಲ. ಅರ್ಧ ನುಂಗಿದರೂ ನುಂಗಿದ ಹಾಗೇ ತಾನೆ ಅಂತ 1 ಒತ್ತುತ್ತ ಬಂದಳು. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ.

ಆ ಶನಿವಾರ, ಒಣಹಾಕಿದ ಮೀನು ತಿರುವುತ್ತಿದ್ದ ದೊಡ್ಡಜ್ಜಿ ತಲೆ ಸುತ್ತಿ ಮೀನಿನ ಮೇಲೇ ಕೂತುಬಿಟ್ಟಳು. ಮೊದಲು ಓಡಿ ಬಂದವಳು ಚಿಕ್ಕಜ್ಜಿ. ಒಣಗಿದ ಮೀನನ್ನೆಲ್ಲ ಅಪ್ಪಚ್ಚಿ ಮಾಡಿದಳಲ್ಲ ಅಂತ ಬೈಯುತ್ತಲೇ ನೀರು ಕುಡಿಸಿದಳು, ಬೈಯುತ್ತಲೇ ಬಾಡಿಗೆ ಬೈಕ್ ಕರೆಸಿದಳು. ಆಸ್ಪತ್ರೆಗೆ ಹೊರಟ ದೊಡ್ಡಜ್ಜಿ, ಅದೋಯೊ ಇಬ್ಬರ ಜೊತೆಗೆ ತಾನೂ ಹೊರಟಳು. ಯಾಕೆ ಅಂತ ಕೇಳಿದ್ದಕ್ಕೆ, ಆ ಕಡೆ ಯಾರದೋ ಆಡು ನೋಡುವುದಿದೆ ಅಂದಳು. ಆಸ್ಪತ್ರೆಯ ಬಾಗಿಲಲ್ಲಿ ನರ್ಸಿಗೂ ಅದನ್ನೇ ಹೇಳಿ ಹೊರಗೇ ಉಳಿದಳು.

ನರ್ಸ್ ಪೆರೆಸ್ ಬಿಪಿಯನ್ನು ಎರಡೆರಡು ಸಲ ನೋಡಿದಳು. ಆಮೇಲೆ ಟ್ಯಾಬ್ ನೋಡಿದಳು. ಅಲ್ಲಿ ತೊಂಬತ್ತು ದಿನವೂ ಹಸಿರೋ ಹಸಿರು. ಇಂಥ ಶಿಸ್ತಿನ ಪೇಷೆಂಟನ್ನು ತಾನು ಕಂಡೇ ಇಲ್ಲ ಅಂತ ಹೊಗಳಿದಳು. ದೊಡ್ಡಜ್ಜಿ ತಗಡಿನ ಚಾವಣಿಯಲ್ಲಿ ಹಲ್ಲಿ ಹುಡುಕತೊಡಗಿದಳು.

"ದಿನಾ ನುಂಗಿಯೂ ಬಿಪಿ ಇಳಿದಿಲ್ಲ ಅಂದ್ರೆ ಈ ಮಾತ್ರೆ ಸಾಲ್ತಿಲ್ಲ ಅಜ್ಜಿ. ಇನ್ನೂ ಜೋರಾದದ್ದು ಕೊಡ್ತೀನಿ," ಅಂದಳು ಪೆರೆಸ್.

ಅದೋಯೊ ಬೆಂಚಿನ ತುದಿಗೆ ಸರಿದಳು. ಜೋರು ಮಾತ್ರೆ ಬೇಡದವರು ನುಂಗಿದರೆ ಏನಾಗುತ್ತದೆ ಅಂತ ಮೆಲ್ಲಗೆ ಕೇಳಿದಳು. ಬಿಪಿ ತೀರಾ ಇಳಿದು ಬೀಳಬಹುದು, ವಯಸ್ಸಾದವರು ಬಿದ್ದರೆ ಏಳುವುದೇ ಕಷ್ಟ ಅಂದಳು ಪೆರೆಸ್.

ನಿಜ ಹೇಳಿದರೆ ಇರುವ ಮಾತ್ರೆಯೂ ನಿಂತುಹೋಗುತ್ತದೆ ಅಂತ ದೊಡ್ಡಜ್ಜಿ ಮೊದಲೇ ಹೆದರಿಸಿದ್ದಳು. ಈಗ ಬೆಂಚಿನ ಕೆಳಗೆ ಹುಡುಗಿಯ ಕಾಲನ್ನೂ ತುಳಿದಳು. ಅದೋಯೊಗೆ ಅಳು ಬಂತು.

"ಸಿಸ್ಟರ್, 1 ಒತ್ತಿದ್ದು ನಾನು. ಅಜ್ಜಿ ನುಂಗ್ತಿದ್ದದ್ದು ಅರ್ಧ."

ಪೆರೆಸ್ ಪೆನ್ನು ಕೆಳಗಿಟ್ಟಳು. ಇನ್ನರ್ಧ ಎಲ್ಲಿ ಅಂತ ಕೇಳಿದಾಗ ಅದೋಯೊಳ ಕಣ್ಣು ಕಿಟಕಿಯ ಕಡೆ ಹೋಯಿತು. ಹೊರಗಿನ ಬೆಂಚಿನಲ್ಲಿ ಚಿಕ್ಕಜ್ಜಿ ಹೊದ್ದ ಬಟ್ಟೆಯ ತುದಿ ಹಿಂಡುತ್ತ ಕೂತಿದ್ದಳು. ಸುತ್ತಮುತ್ತ ಒಂದು ಆಡೂ ಇರಲಿಲ್ಲ.

"ಆಡು ನೋಡೋಕೆ ಬಂದವರು ಒಳಗೆ ಬನ್ನಿ," ಎಂದು ಪೆರೆಸ್ ಕರೆದಳು.

ಚಿಕ್ಕಜ್ಜಿಯ ಬಿಪಿಯೂ ಏರಿತ್ತು. ಟ್ಯಾಬ್ ಈ ಸಲವೂ ಅವಳ ಹೆಸರು ತೆಗೆದುಕೊಳ್ಳಲಿಲ್ಲ. ಪೆರೆಸ್ ಅದನ್ನು ಬೋರಲು ಹಾಕಿ, ಡ್ರಾಯರಿನಿಂದ ಹಳೇ ನೋಟ್‌ಬುಕ್ ತೆಗೆದು ಹೆಸರು ಬರೆದುಕೊಂಡಳು. ಮೇಲಿನವರಿಗೆ ನಾನು ಹೇಳಿಕೊಳ್ಳುತ್ತೇನೆ ಅಂತ ಇಬ್ಬರಿಗೂ ಅದೇ ಹಳೇ ಮಾತ್ರೆ ಬೇರೆಬೇರೆ ಕೊಟ್ಟಳು. ಅದೋಯೊಗೆ ಬೈಯಲಿಲ್ಲ.

"ನೀನು ಒತ್ತಿದ ಒಂದನ್ನ ನಂಬಿ ನಾನು ಔಷಧಿ ಬರೀತಿದ್ದೆ ಮರಿ," ಅಂದಳು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅದೋಯೊಗೆ.

ದಾರಿಯುದ್ದಕ್ಕೂ ದೊಡ್ಡಜ್ಜಿ, ಈ ಹುಡುಗಿಯ ಬಾಯಿಗೆ ಬೀಗವೇ ಇಲ್ಲ ಅಂತ ಗೊಣಗಿದಳು. ಆದರೆ ಅವಳ ಕೈ ಅದೋಯೊಳ ಭುಜದ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಫೋನ್ ಕೂಗಿತು. ಅದೋಯೊ ಗೆಣಸು ಕೆಳಗಿಟ್ಟಳು. ದೊಡ್ಡಜ್ಜಿ ಇಡೀ ಮಾತ್ರೆ ನುಂಗಿ, ನಾಲಿಗೆ ಚಾಚಿ ತೋರಿಸಿದ ಮೇಲೆಯೇ 1 ಒತ್ತಿದಳು. ಆಮೇಲೆ ಅಂಗಳ ದಾಟಿ ಓಡಿದಳು.

"ಚಿಕ್ಕಜ್ಜಿ, ಮಾತ್ರೆ ನುಂಗಿದ್ಯಾ?"

"ಯಾರು ಕೇಳ್ತಿರೋದು? ಫೋನಾ?"

"ಫೋನಿಗೆ ನಿನ್ನ ಪರಿಚಯ ಇಲ್ಲ. ನಾನೇ ಕೇಳ್ತಿದ್ದೀನಿ."

ಚಿಕ್ಕಜ್ಜಿ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ಆಚೆ ಮನೆಯ ಕಡೆ ನೋಡಿದಳು.

"ಅವಳು ನುಂಗಿದ್ಲಾ?"

"ಪೂರ್ತಿ."

"ಹಾಗಾದ್ರೆ ನೀರು ಕೊಡು."